ಕೊನೆಯ ಗೋಷ್ಠಿಗೂ ಮುಂಚೆ ಹೊರಡುವ ಬಸ್ಸು

ಧಾರವಾಡದಲ್ಲಿ ಸಾಹಿತ್ಯ ಸಮ್ಮೇಳನವಿರಲಿ, ವಿಚಾರ ಸಂಕಿರಣವಿರಲಿ, ಕೃಷಿ ಮೇಳವಿರಲಿ, ಆಮಂತ್ರಣ ಪತ್ರಿಕೆ ಕೈಸೇರಿದ ಕೂಡಲೇ ಓದುಗರು ಕೇಳುವ ಪ್ರಶ್ನೆಗಳು ಎರಡೇ. ಹೋಗುವುದು ಹೇಗೆ? ರಾತ್ರಿ ಉಳಿಯುವುದು ಎಲ್ಲಿ? ಸಂಘಟಕರು ಸಾಮಾನ್ಯವಾಗಿ ಇದಕ್ಕೆ ಉತ್ತರ ಅಚ್ಚು ಹಾಕಿಸಿಯೇ ಇರುತ್ತಾರೆ. ಬೆಂಗಳೂರಿನಿಂದ ಬರುವವರಿಗೆ ರೈಲುಗಳ ಪಟ್ಟಿ, ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿಯಿಂದ ಟ್ಯಾಕ್ಸಿಯ ಮಾಹಿತಿ, ಹಣ ಕೊಟ್ಟು ಉಳಿಯುವವರಿಗೆ ಹೊಟೇಲುಗಳ ಹೆಸರು, ನೋಂದಾಯಿಸಿದ ಪ್ರತಿನಿಧಿಗಳಿಗೆ ಹಾಸ್ಟೆಲಿನ ವ್ಯವಸ್ಥೆ. ಅದೇ ಹಾಳೆಯನ್ನು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳಲ್ಲಿ ಕುಳಿತು ಓದಿದರೆ ತಮಗೆ ಸಂಬಂಧಪಟ್ಟ ಸಾಲು ಸಿಗುವುದು ಕಷ್ಟ. ಅವರು ಅದೇ ಜಿಲ್ಲೆಯವರು, ಅಂದರೆ ‘ಸ್ಥಳೀಯರು’. ಸ್ಥಳೀಯರಿಗೆ ವಸತಿ ಯಾಕೆ ಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಒಪ್ಪಿಕೊಂಡುಬಿಟ್ಟ ತೀರ್ಮಾನ. ಆ ತೀರ್ಮಾನ ತಪ್ಪು ಎಂದು ನಾನು ನಂಬಿದ್ದೇನೆ. ಸಮ್ಮೇಳನಕ್ಕೆ ಬಂದವರಿಗೆ ವಸತಿ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದ್ದು ಅವರ ಊರಿಗೆ ಹೋಗುವ ಕೊನೆಯ ಬಸ್ಸು. ಕಿಲೋಮೀಟರಿನ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ.

ಧಾರವಾಡಕ್ಕೆ ಸಮ್ಮೇಳನ ಹೊಸದಲ್ಲ. 1918ರಲ್ಲಿ ಆರ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ, ಕರ್ನಾಟಕ ಏಕೀಕರಣವಾದ ಮರುವರ್ಷ 1957ರಲ್ಲಿ ಕುವೆಂಪು ಅವರ ಅಧ್ಯಕ್ಷತೆಯಲ್ಲಿ ಇಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. 2019ರ ಜನವರಿ 4ರಿಂದ 6ರವರೆಗೆ ಚಂದ್ರಶೇಖರ ಕಂಬಾರರ ಅಧ್ಯಕ್ಷತೆಯಲ್ಲಿ 84ನೇ ಅಖಿಲ ಭಾರತ ಸಮ್ಮೇಳನ ನಡೆದಾಗ ಪೆಂಡಾಲು ಎದ್ದದ್ದು ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ. ಇದಕ್ಕೆ ಕಾರಣವಿದೆ. ಈಗಿನ ಸಮ್ಮೇಳನಕ್ಕೆ ಪ್ರಧಾನ ವೇದಿಕೆಯ ಜೊತೆಗೆ ಸಮಾನಾಂತರ ವೇದಿಕೆಗಳು, ಪುಸ್ತಕ ಮಳಿಗೆಗಳ ಸಾಲು, ಸಾವಿರಾರು ಜನರಿಗೆ ಊಟದ ವ್ಯವಸ್ಥೆ, ವಾಹನ ನಿಲ್ಲಿಸಲು ಬಯಲು ಎಲ್ಲವೂ ಬೇಕು. ಅಷ್ಟು ಜಾಗ, ಅಷ್ಟು ನೀರು, ಅಷ್ಟು ಕೋಣೆಗಳು ಒಂದೇ ಬೇಲಿಯೊಳಗೆ ಇರುವುದು ವಿಶ್ವವಿದ್ಯಾಲಯಗಳಲ್ಲಿ. ಆದರೆ ಅಷ್ಟು ದೊಡ್ಡ ಆವರಣಗಳು ಪೇಟೆಯ ನಡುವೆ ಇರಲು ಸಾಧ್ಯವಿಲ್ಲ. ಊರಿನ ಅಂಚಿಗೆ, ಅಂಚಿನಾಚೆಗೆ ಇರುತ್ತವೆ. ಸಿಟಿ ಬಸ್ಸು ಗೇಟಿನ ಮುಂದೆ ಇಳಿಸಿದರೂ ಪೆಂಡಾಲಿಗೆ ಮತ್ತೆ ನಡೆಯಬೇಕು. ಕಾರಿನಲ್ಲಿ ಬಂದವರ ಲೆಕ್ಕಕ್ಕೇ ಬಾರದ ಈ ನಡಿಗೆ, ಸಂಜೆ ಬಸ್ಸು ಹಿಡಿಯಬೇಕಾದವರಿಗೆ ಅರ್ಧ ತಾಸಿನ ಬಾಬತ್ತು.

ದೂರದಿಂದ ಬರುವವರಿಗೂ ಒಂದು ಮಾತು ಇಲ್ಲೇ ಹೇಳಬೇಕು. ‘ವಿಶ್ವವಿದ್ಯಾಲಯ ಧಾರವಾಡದಲ್ಲಿದೆ’ ಎಂದಷ್ಟೇ ತಿಳಿದು ಹೊರಟರೆ ಸಾಲದು, ಯಾವ ಆವರಣ ಎಂದು ಖಚಿತ ಮಾಡಿಕೊಳ್ಳಬೇಕು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಪಾವಟೆ ನಗರದ ಗುಡ್ಡದ ಮೇಲಿದೆ. ಅದಕ್ಕಿಂತ ಹಳೆಯದಾದ ಕರ್ನಾಟಕ ಕಾಲೇಜು ಬೇರೆ ಕಡೆ ಇದೆ, ಎರಡರ ಹೆಸರೂ ಒಂದೇ ಥರ ಕೇಳುವುದರಿಂದ ಹೊಸಬರು ಗೊಂದಲಕ್ಕೆ ಬೀಳುವುದು ಸಹಜ. 1986ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ಕೃಷಿ ವಿಶ್ವವಿದ್ಯಾಲಯ ಬೆಳಗಾವಿ ರಸ್ತೆಯ ದಿಕ್ಕಿಗಿದೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯ ನವನಗರದಲ್ಲಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಐಐಟಿಯ ಕಾಯಂ ಆವರಣ ಚಿಕ್ಕಮಲ್ಲಿಗವಾಡದಲ್ಲಿದೆ. ಜಿಲ್ಲೆ ಎಲ್ಲಕ್ಕೂ ಧಾರವಾಡವೇ, ದಿಕ್ಕು ಮಾತ್ರ ಒಂದೊಂದಕ್ಕೆ ಒಂದೊಂದು. ಪಾವಟೆ ನಗರಕ್ಕೋ ಕೃಷಿ ವಿಶ್ವವಿದ್ಯಾಲಯಕ್ಕೋ ಹೋಗಬೇಕಾದವರು ತಮ್ಮ ರೈಲು ಧಾರವಾಡದವರೆಗೆ ಬರುವುದಾದರೆ ಹುಬ್ಬಳ್ಳಿಯಲ್ಲಿ ಇಳಿಯುವ ಅವಸರ ಮಾಡಬಾರದು. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ನೋಡುವಂಥದ್ದು ನಿಜ, ಆದರೆ ಅಲ್ಲಿ ಇಳಿದರೆ ಧಾರವಾಡ ಇನ್ನೂ ಇಪ್ಪತ್ತು ಕಿಲೋಮೀಟರು ಉಳಿದಿರುತ್ತದೆ. ಹುಬ್ಬಳ್ಳಿಯಲ್ಲೇ ಇಳಿದವರಿಗೆ ಚಿಗರಿ ಬಸ್ಸು ಇದೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಾಟ ಶುರುಮಾಡಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಬಿಆರ್‌ಟಿಎಸ್ ಮಾರ್ಗ ಎರಡೂ ಊರುಗಳ ನಡುವೆ 22 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕಿದೆ. ಹೀಗೆ ಬೆಂಗಳೂರು, ಮೈಸೂರು, ಮುಂಬಯಿಯಿಂದ ಬರುವವರ ದಾರಿ ಇಂದು ಸುಗಮವಾಗಿದೆ. ಅದು ಸಂತೋಷದ ವಿಷಯ, ಆಗಬೇಕಾಗಿದ್ದ ಕೆಲಸ.

ಈಗ ನಾಲ್ಕು ತಾಲೂಕುಗಳ ಕಡೆಯಿಂದ ನೋಡೋಣ. ಕುಂದಗೋಳ ಮತ್ತು ಅಣ್ಣಿಗೇರಿಗೆ ರೈಲು ನಿಲ್ದಾಣಗಳಿವೆ, ಒಂದು ಬೆಂಗಳೂರು ಮಾರ್ಗದ ಮೇಲೆ, ಇನ್ನೊಂದು ಗದಗ ಮಾರ್ಗದ ಮೇಲೆ. ನವಲಗುಂದ, ಕಲಘಟಗಿ ಪಟ್ಟಣಗಳಿಗೆ ರೈಲೇ ಇಲ್ಲ. ರೈಲು ಇದ್ದ ಊರಿನವರಿಗೂ ಅನುಕೂಲವಾಗುವುದು ಅಲ್ಲಿ ನಿಲ್ಲುವ ಕೆಲವೇ ಗಾಡಿಗಳಿಂದ. 2023ರ ಜೂನ್ 27ರಂದು ಚಾಲನೆ ಪಡೆದ ಬೆಂಗಳೂರು–ಧಾರವಾಡ ವಂದೇ ಭಾರತ್ ಕುಂದಗೋಳದ ಹಳಿಯ ಮೇಲೆಯೇ ಹಾದುಹೋಗುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಾಲ್ಕೂ ತಾಲೂಕಿನ ಹೆಚ್ಚಿನವರಿಗೆ ಬಸ್ಸೇ ಗತಿ. ಕಲಘಟಗಿಯವರಿಗೆ ಧಾರವಾಡಕ್ಕೆ ನೇರ ರಸ್ತೆ ಇದೆ. ಕುಂದಗೋಳ, ಅಣ್ಣಿಗೇರಿ, ನವಲಗುಂದದ ಕಡೆಯವರು ಬಹುಮಟ್ಟಿಗೆ ಹುಬ್ಬಳ್ಳಿಗೆ ಬಂದು ಅಲ್ಲಿಂದ ಧಾರವಾಡದ ಬಸ್ಸು ಹಿಡಿಯುತ್ತಾರೆ. ತಾಲೂಕು ಊರಿನಿಂದ ಒಳಗಿನ ಹಳ್ಳಿಯವರಿಗೆ ಇನ್ನೊಂದು ಬಸ್ಸು. ಅಂದರೆ ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಧಾರವಾಡಕ್ಕೆ, ಧಾರವಾಡದ ಬಸ್ ನಿಲ್ದಾಣದಿಂದ ಆವರಣಕ್ಕೆ, ಹೀಗೆ ನಾಲ್ಕು ಕೊಂಡಿಗಳ ಪ್ರಯಾಣ. ಬೆಳಿಗ್ಗೆ ಬರುವಾಗ ಒಂದು ಕೊಂಡಿ ತಪ್ಪಿದರೆ ಉದ್ಘಾಟನಾ ಭಾಷಣ ತಪ್ಪುತ್ತದೆ. ಸಂಜೆ ಹೋಗುವಾಗ ಒಂದು ಕೊಂಡಿ ತಪ್ಪಿದರೆ ರಾತ್ರಿಯೆಲ್ಲ ಬಸ್ ನಿಲ್ದಾಣದ ಕಲ್ಲುಬೆಂಚೇ ಹಾಸಿಗೆ.

ಮೊದಲು ಕಳಚುವ ಕೊಂಡಿ ಯಾವುದೆಂದು ಹಳ್ಳಿಯವರಿಗೆ ಗೊತ್ತು. ಅದು ವಸ್ತಿ ಬಸ್ಸು. ಸಂಜೆಯೋ ರಾತ್ರಿಯ ಮೊದಲ ಜಾವದಲ್ಲೋ ತಾಲೂಕು ನಿಲ್ದಾಣದಿಂದ ಹೊರಟು ಹಳ್ಳಿ ಸೇರಿ, ಚಾಲಕ ನಿರ್ವಾಹಕರು ಅಲ್ಲೇ ಮಲಗಿ, ಬೆಳಿಗ್ಗೆ ಶಾಲೆ ಕಾಲೇಜಿನ ಮಕ್ಕಳನ್ನೂ ಪೇಟೆಗೆ ಹೋಗುವವರನ್ನೂ ತುಂಬಿಕೊಂಡು ವಾಪಸು ಬರುವ ಬಸ್ಸು ಅದು. ಆ ವೇಳಾಪಟ್ಟಿ ಹಳ್ಳಿಯ ದಿನಚರಿಗೆ ತಕ್ಕುದೇ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಸಮ್ಮೇಳನದ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ನವಲಗುಂದದಿಂದ ಒಂದು ಹಳ್ಳಿಗೆ ವಸ್ತಿ ಬಸ್ಸು ರಾತ್ರಿ ಎಂಟಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ಹಿಡಿಯಲು ಹುಬ್ಬಳ್ಳಿಯನ್ನು ಆರೂವರೆಗೆ ಬಿಡಬೇಕು. ಅದಕ್ಕೆ ಧಾರವಾಡವನ್ನು ಐದೂವರೆಯ ಹೊತ್ತಿಗೆ ಬಿಡಬೇಕು. ಗದ್ದಲದಲ್ಲಿ ಆವರಣದಿಂದ ನಿಲ್ದಾಣ ಮುಟ್ಟಲು ಅರ್ಧ ತಾಸಿಗೂ ಹೆಚ್ಚು ಬೇಕೆಂದರೆ, ಐದಕ್ಕೂ ಮೊದಲೇ ಪೆಂಡಾಲಿನಿಂದ ಎದ್ದು ಹೊರಡಬೇಕು. ಸಮ್ಮೇಳನದ ಹೊತ್ತು ಯಾವತ್ತೂ ಜಾರುತ್ತಲೇ ಹೋಗುತ್ತದೆ. ಮಧ್ಯಾಹ್ನದ ಗೋಷ್ಠಿ ಸಂಜೆಗೆ, ಸಂಜೆಯ ಕವಿಗೋಷ್ಠಿ ರಾತ್ರಿಗೆ, ಸಾಂಸ್ಕೃತಿಕ ಕಾರ್ಯಕ್ರಮ ಇನ್ನೂ ತಡಕ್ಕೆ. ಐವತ್ತು ಕಿಲೋಮೀಟರಿನಾಚೆಯ ಓದುಗರು ಅರ್ಧ ಸಮ್ಮೇಳನ ನೋಡಿ ಹೋಗುತ್ತಾರೆ, ಐನೂರು ಕಿಲೋಮೀಟರಿನಿಂದ ಬಂದವರು ಹಾಸ್ಟೆಲಿನಲ್ಲಿ ಉಳಿದು ಪೂರ್ತಿ ನೋಡುತ್ತಾರೆ. ದೂರದವರ ಮೇಲೆ ನನಗೆ ಯಾವ ಅಸೂಯೆಯೂ ಇಲ್ಲ. ಹತ್ತಿರದವರಿಗೆ ಆಗುವ ನಷ್ಟ ಯಾವ ಲೆಕ್ಕದಲ್ಲೂ ದಾಖಲಾಗುವುದಿಲ್ಲ ಎಂಬುದೇ ನನ್ನ ಚಿಂತೆ.

ಈ ಭಾಗದ ಜನ ತಮ್ಮದೇ ಕಾರ್ಯಕ್ರಮಗಳಿಗೆ ಈ ತೊಡಕನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಎಂಬುದನ್ನು ಗಮನಿಸಬೇಕು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯುವುದು ಅಹೋರಾತ್ರಿ. ಸಂಜೆಯ ಗಾಡಿಗೆ ಬಂದ ಕೇಳುಗರು ರಾತ್ರಿಯಿಡೀ ಕುಳಿತು, ಬೆಳಗಿನ ರಾಗಗಳನ್ನೂ ಕೇಳಿ, ಬೆಳಗಿನ ಗಾಡಿಗೆ ಹಿಂದಿರುಗಬಹುದು. ದೊಡ್ಡಾಟವೂ ಅಷ್ಟೇ, ಬೆಳಗಾಗುವವರೆಗೆ ಕುಣಿತ. ನಡುರಾತ್ರಿ ಆಟ ಮುಗಿಸಿ ಪರವೂರಿನವರನ್ನು ಕತ್ತಲೆಗೆ ಬಿಡುವ ಪದ್ಧತಿ ಇಲ್ಲ. ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ದಾರಿಯುದ್ದಕ್ಕೂ ಗುಂಪಾಗಿ ತಂಗುತ್ತಾರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಬಂದವರಿಗೆ ದಾಸೋಹವಿದೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಹಳ್ಳಿಯ ಬಡ ಮಕ್ಕಳಿಗೆ ಅನ್ನ ಕೊಟ್ಟು, ಆಸರೆ ಕೊಟ್ಟು ಓದಿಸಿದೆ. ಜ್ಞಾನಕ್ಕೋ ಭಕ್ತಿಗೋ ರಸಕ್ಕೋ ಬಂದವರಿಗೆ ರಾತ್ರಿಯ ಆಸರೆ ಕೊಡುವುದು ಆ ಕಾರ್ಯದ ಭಾಗವೇ ಎಂಬ ತಿಳಿವಳಿಕೆ ಈ ಎಲ್ಲದರ ಹಿಂದಿದೆ. ಹತ್ತಿರದವನೋ ದೂರದವನೋ ಎಂದು ಯಾವ ದಾಸೋಹದ ಪಂಕ್ತಿಯಲ್ಲೂ ಕೇಳುವುದಿಲ್ಲ. ವಿಶ್ವವಿದ್ಯಾಲಯದ ಆವರಣಕ್ಕೆ ಬಂದ ಸಮ್ಮೇಳನ ಈ ತಿಳಿವಳಿಕೆಯನ್ನು ಊರಲ್ಲೇ ಬಿಟ್ಟು ಬರಬಾರದು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ: ಕೋಣೆಗಳು ಎಷ್ಟೆಂದು ಇರುತ್ತವೆ? ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳಿದ್ದಾರೆ, ಅವರಿಗೆ ಪರೀಕ್ಷೆಗಳಿವೆ, ಇರುವ ನಾಲ್ಕು ಕೋಣೆ ದೂರದವರಿಗೆ ಕೊಡದೆ ಹತ್ತಿರದವರಿಗೆ ಕೊಟ್ಟರೆ ಹೇಗೆ? ಉತ್ತರ ಚಿಗರಿ ಮಾರ್ಗದಲ್ಲೇ ಇದೆ. ಬೆಂಗಳೂರಿನಿಂದ ಬಂದವರು ಹುಬ್ಬಳ್ಳಿಯಲ್ಲಿ ಉಳಿದರೂ ಅವರಿಗೆ ಸಂಜೆಯ ನಂತರ ಬಸ್ಸಿದೆ, ಹೊಟೇಲುಗಳಿವೆ, ನಿಲ್ದಾಣ ಹತ್ತಿರವಿದೆ. ನವಲಗುಂದ ತಾಲೂಕಿನ ಹಳ್ಳಿಯವರಿಗೆ ಆ ಹೊತ್ತಿನಲ್ಲಿ ಏನೂ ಇಲ್ಲ. ಆದ್ದರಿಂದ ರಾತ್ರಿ ಸಾರಿಗೆ ಇರುವವರನ್ನು ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಓಡುವ ದಾರಿಯುದ್ದಕ್ಕೂ ಇಳಿಸಿ, ಆವರಣದೊಳಗಿನ ಮತ್ತು ಸುತ್ತಲಿನ ಜಾಗವನ್ನು ರಾತ್ರಿ ಸಾರಿಗೆ ಇಲ್ಲದವರಿಗೆ ಮೀಸಲಿಡುವುದು ಹೆಚ್ಚು ಸರಿಯಾದ ಹಂಚಿಕೆ. ಭಾಷಣಕ್ಕೆ ಬಂದ ಹಿರಿಯರು, ನಡೆಯಲಾರದವರು ಹತ್ತಿರದಲ್ಲೇ ಇರಲಿ, ಅದು ಮರ್ಯಾದೆಯೂ ಹೌದು, ಅಗತ್ಯವೂ ಹೌದು. ಉಳಿದವರಿಗೆ ದಿನಕ್ಕೆ ಒಂದು ತಾಸು ಹೆಚ್ಚು ಪ್ರಯಾಣವಾದರೆ ಅವರ ಸಮ್ಮೇಳನ ಅರ್ಧವಾಗುವುದಿಲ್ಲ. ಇನ್ನು ಹಳ್ಳಿಯಿಂದ ಗುಂಪಾಗಿ ಬರುವವರು ಮಂಚ ಗಾದಿಯನ್ನು ಕೇಳುತ್ತಿಲ್ಲ. ಜಮಖಾನೆ ಹಾಸಿದ ಒಂದು ಸಭಾಂಗಣ, ಹೆಂಗಸರಿಗೆ ಬೇರೆ ಕೋಣೆ ಮತ್ತು ಕಾವಲು, ನೀರು, ದೀಪ, ಸ್ವಚ್ಛ ಶೌಚಾಲಯ ಇಷ್ಟಿದ್ದರೆ ರಾತ್ರಿ ಕಳೆಯುತ್ತದೆ. ಶಾಲೆಗಳು, ಕಲ್ಯಾಣ ಮಂಟಪಗಳು, ಮಠಗಳ ನಿಲಯಗಳು ಇದಕ್ಕೆ ಒದಗಬಲ್ಲವು.

ಎರಡನೆಯ ಆಕ್ಷೇಪ: ಈಗ ಮನೆಗೊಂದು ಬೈಕಿದೆ, ರಾತ್ರಿ ಎಷ್ಟು ಹೊತ್ತಾದರೂ ಹೋಗಬಹುದಲ್ಲ? ಹೋಗಬಹುದು, ಆದರೆ ಹೋಗಲಿ ಎಂದು ಸಂಘಟಕರು ಎಣಿಸುವುದು ಸರಿಯಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸು ಎರಡೇ ಪಥದ್ದಾಗಿದ್ದಾಗ ಎಷ್ಟು ಜೀವ ತೆಗೆದುಕೊಂಡಿತೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಮಹಿಳೆಯರು ಪ್ರಯಾಣಿಸುತ್ತಿದ್ದ ವಾಹನಕ್ಕಾದ ಅಪಘಾತವನ್ನು ಯಾರೂ ಮರೆತಿಲ್ಲ. ಆ ನಂತರ ರಸ್ತೆ ಅಗಲಿಸುವ ಕೆಲಸ ಕೈಗೆತ್ತಿಕೊಂಡರು. ಹೆದ್ದಾರಿ ಸುಧಾರಿಸಿದರೂ ತಾಲೂಕಿನ ಒಳರಸ್ತೆಗಳಿಗೆ ರಾತ್ರಿ ದೀಪವಿಲ್ಲ. ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಮಳೆಗಾಲದೊಳಗೇ ಬರುತ್ತದೆ. ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿದರೆ ನವಲಗುಂದದ ಎರಿ ಸೀಮೆಯ ಹಳ್ಳಿಗಳ ದಾರಿ ಕಡಿದುಹೋಗುತ್ತದೆ. ಬೈಕು ಹೊಡೆಯುವವರು ಹೆಚ್ಚಾಗಿ ಗಂಡಸರು, ಹರೆಯದವರು. ಮುಪ್ಪಿನ ಓದುಗರು, ಕಾಲೇಜು ಹುಡುಗಿಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಆ ಬೈಕಿನ ಉತ್ತರದಲ್ಲಿ ಎಲ್ಲೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟಿನ ಹಣ ಉಳಿಸಿದೆ. ಹಣದ ಅಡ್ಡಿ ಕಡಿಮೆಯಾದ ಮೇಲೆ ಉಳಿದ ಅಡ್ಡಿ ಹೊತ್ತಿನದು, ರಾತ್ರಿಯ ನೆಲೆಯದು. ಅದನ್ನು ಪರಿಹರಿಸಿದರೆ ಮಾತ್ರ ಆ ಉಚಿತ ಟಿಕೆಟು ಸಮ್ಮೇಳನದ ಕೊನೆಯ ಗೋಷ್ಠಿಯವರೆಗೆ ಅವರನ್ನು ಕರೆತರುತ್ತದೆ.

ಇನ್ನೊಂದು ಮಾತೂ ಕೇಳಿಬರುತ್ತದೆ: ಎಲ್ಲವೂ ಮೊಬೈಲಿನಲ್ಲಿ ನೇರವಾಗಿ ಬರುತ್ತದಲ್ಲ, ಮನೆಯಲ್ಲೇ ಕುಳಿತು ನೋಡಿದರಾಯಿತು. ಭಾಷಣ ಕೇಳಲು ಅದು ಸಾಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪುಸ್ತಕ ಮಳಿಗೆಯಲ್ಲಿ ಹಾಳೆ ತಿರುವಿ ನೋಡಿ ಕೊಳ್ಳುವುದು, ಮೆಚ್ಚಿದ ಲೇಖಕರನ್ನು ಎದುರಿಗೆ ಕಂಡು ಪ್ರಶ್ನೆ ಕೇಳುವುದು, ಬೀಜದ ತಳಿಯನ್ನು ಬೆಳೆದು ನಿಂತ ತಾಕಿನಲ್ಲೇ ನೋಡಿ ವಿಜ್ಞಾನಿಯೊಡನೆ ವಾದಿಸುವುದು, ಬೇರೆ ತಾಲೂಕಿನ ತನ್ನಂಥ ಓದುಗರ ಪರಿಚಯವಾಗುವುದು ಮೊಬೈಲಿನಲ್ಲಿ ಆಗುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಆಗುವುದು ಗೋಷ್ಠಿಗಳ ನಡುವಿನ ಬಿಡುವಿನಲ್ಲಿ, ಸಂಜೆಯ ಹೊತ್ತಿನಲ್ಲಿ. ಅದೇ ಹೊತ್ತಿಗೆ ನಮ್ಮ ಹಳ್ಳಿಯವರು ಬಸ್ಸಿನ ಸಮಯ ನೋಡಿ ಎದ್ದು ಹೊರಟಿರುತ್ತಾರೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯವಳೆಂದು ಜಿನವಲ್ಲಭನ ಶಾಸನದ ಆಧಾರದಿಂದ ವಿದ್ವಾಂಸರು ಹೇಳುತ್ತಾರೆ. ಆದಿಕವಿಯ ತಾಯಿಯ ಊರಿನ ಓದುಗರಿಗೆ ಜಿಲ್ಲಾ ಕೇಂದ್ರದ ಕವಿಗೋಷ್ಠಿಯನ್ನು ಕೊನೆಯವರೆಗೆ ಕೇಳುವ ಅನುಕೂಲ ಇರಬೇಕು ಎಂದು ಬಯಸುವುದು ದೊಡ್ಡ ಬೇಡಿಕೆಯೇನಲ್ಲ.

ಹಾಗಾದರೆ ಈ ತಾಲೂಕುಗಳಿಂದ ಹೊರಡುವವರು ಸದ್ಯಕ್ಕೆ ಏನು ಮಾಡಬೇಕು? ಲೆಕ್ಕವನ್ನು ಮನೆಯಿಂದ ಶುರುಮಾಡಬೇಕು. ನಿಮ್ಮ ಹಳ್ಳಿಯ ವಸ್ತಿ ಬಸ್ಸು ತಾಲೂಕಿನಿಂದ ಎಷ್ಟಕ್ಕೆ ಬಿಡುತ್ತದೆ ಎಂದು ಮೊದಲು ಬರೆದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಆವರಣ ಬಿಡಬೇಕಾದ ಹೊತ್ತು ನೀವು ಕೇಳಬೇಕೆಂದಿರುವ ಗೋಷ್ಠಿಗಿಂತ ಮುಂಚೆ ಬಂದರೆ, ಆ ದಿನ ಉಳಿಯುವುದೆಂದೇ ನಿಶ್ಚಯಿಸಿ, ಬೆಳಿಗ್ಗೆಯೇ ನೋಂದಣಿ ಕೌಂಟರಿನಲ್ಲಿ ವಸತಿ ಕೇಳಿ. ಪ್ರತಿನಿಧಿಯಾಗಿ ಮೊದಲೇ ನೋಂದಾಯಿಸಿದವರ ಮಾತಿಗೆ ಅಲ್ಲಿ ತೂಕ ಹೆಚ್ಚು. ಶಿಕ್ಷಕರು, ನೌಕರರು ಅನ್ಯಕಾರ್ಯ ನಿಮಿತ್ತ ರಜೆಗೆ ಹಾಜರಾತಿಯ ಪತ್ರವನ್ನು ಮರೆಯದೆ ಪಡೆಯಬೇಕು. ಉಳಿಯುವ ಮನಸ್ಸಿಲ್ಲದವರು ಒಂಟಿಯಾಗಿ ಬರುವ ಬದಲು ಹತ್ತಿರದ ಎರಡು ಮೂರು ಹಳ್ಳಿಯವರು ಕೂಡಿ ಮದುವೆಗೆ ಹಿಡಿಯುವ ಹಾಗೆ ಒಂದು ಬಸ್ಸನ್ನು ಬಾಡಿಗೆಗೆ ಹಿಡಿಯಬಹುದು, ಆಗ ಹೊರಡುವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ. ಜನವರಿಯಾದರೆ ಹೊದಿಕೆ, ಸೆಪ್ಟೆಂಬರಾದರೆ ಕೊಡೆ ಜೊತೆಗಿರಲಿ. ಊಟದ ಸಾಲು ಉದ್ದವಿರುವುದರಿಂದ ಒಂದು ಹೊತ್ತಿನ ರೊಟ್ಟಿ ಬುತ್ತಿ ಕಟ್ಟಿಕೊಂಡರೆ ಒಂದು ಗೋಷ್ಠಿ ಉಳಿದಂತೆ. ಕುಂದಗೋಳದ ಮೆಣಸಿನಕಾಯಿ ಬಿಡಿಸುವ ಕಾಲವೋ ನವಲಗುಂದದ ಹೆಸರು ಕೊಯ್ಲಿನ ಕಾಲವೋ ಆದರೆ ಎಲ್ಲ ದಿನವೂ ಬರಲಾಗದು. ಆಗ ದಿನಕ್ಕೆ ಒಮ್ಮೆ ಓಡಾಡಿ ದಣಿಯುವುದಕ್ಕಿಂತ ಒಂದು ರಾತ್ರಿ ಉಳಿದು ಒಂದೂವರೆ ದಿನ ಪೂರ್ತಿ ಅನುಭವಿಸುವುದು ಲೇಸು.

ಸಂಘಟಕರು ಮಾಡಬೇಕಾದ್ದು ಇದಕ್ಕಿಂತ ಹೆಚ್ಚೇನಿಲ್ಲ, ಆದರೆ ಅದನ್ನು ಮೊದಲೇ ಮಾಡಬೇಕು. ಆಮಂತ್ರಣದ ಪ್ರಯಾಣ ಮಾಹಿತಿಯಲ್ಲಿ ಬೆಂಗಳೂರಿನ ರೈಲಿನ ಜೊತೆಗೇ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗೆ ಹೋಗುವ ಕೊನೆಯ ಬಸ್ಸುಗಳ ಸಮಯ ಅಚ್ಚಾಗಲಿ. ಸಾರಿಗೆ ಸಂಸ್ಥೆ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಡುವುದನ್ನು ಬಲ್ಲದು. ಸಮ್ಮೇಳನದ ರಾತ್ರಿಗಳಲ್ಲಿ ಕೊನೆಯ ಗೋಷ್ಠಿ ಮುಗಿದ ಮೇಲೆ ಆವರಣದ ಗೇಟಿನಿಂದಲೇ ನಾಲ್ಕು ತಾಲೂಕುಗಳಿಗೆ ಒಂದೊಂದು ಬಸ್ಸು ಹೊರಡಿಸುವಂತೆ ಅದನ್ನು ಕೇಳಿದರೆ ಬಹುಪಾಲು ತೊಂದರೆ ಅಲ್ಲೇ ತೀರುತ್ತದೆ. ತಾಲೂಕು ಊರಿನಾಚೆಯ ಹಳ್ಳಿಯವರಿಗೆ ಮಲಗುವ ಜಾಗ ಆವರಣದಲ್ಲೇ ಸಿಗಲಿ. ನೋಂದಣಿ ನಮೂನೆಯಲ್ಲಿ ‘ಯಾವ ಜಿಲ್ಲೆ’ ಎಂಬ ಪ್ರಶ್ನೆಯ ಕೆಳಗೆ ‘ನಿಮ್ಮ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ’ ಎಂಬ ಇನ್ನೊಂದು ಪ್ರಶ್ನೆ ಸೇರಿಸಿದರೆ ಯಾರಿಗೆ ವಸತಿ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಖರ್ಚು ಸ್ವಲ್ಪ ಹೆಚ್ಚಾಗಬಹುದು. ವೇದಿಕೆಯ ಅಲಂಕಾರದಲ್ಲಿ, ಹಾರ ತುರಾಯಿಯಲ್ಲಿ ಕಡಿಮೆ ಮಾಡಿ ಅದನ್ನು ತುಂಬಿಸಬಹುದು. ಕನ್ನಡದ ಸಮ್ಮೇಳನವನ್ನು ಒಂದು ಜಿಲ್ಲೆಯಲ್ಲಿ ನಡೆಸುವುದೇ ಆ ಜಿಲ್ಲೆಯ ಹಳ್ಳಿಗಳಿಗೆ ಅದು ಮುಟ್ಟಲಿ ಎಂದು. ಮುಟ್ಟಿತೋ ಇಲ್ಲವೋ ಎಂಬುದನ್ನು ಅಳೆಯಬೇಕಾದರೆ ಉದ್ಘಾಟನೆಗೆ ಸೇರಿದ ಜನರನ್ನು ಎಣಿಸುವುದು ಬೇಡ, ಕೊನೆಯ ಗೋಷ್ಠಿಯಲ್ಲಿ ಈ ನಾಲ್ಕು ತಾಲೂಕಿನವರು ಎಷ್ಟು ಮಂದಿ ಉಳಿದಿದ್ದರು ಎಂದು ಎಣಿಸಬೇಕು.